ಹಳೇ ಗೋವಾಕ್ಕೆ ಅರ್ಧ ದಿನ ಕೊಡಿ: ಶಾಲಾ ಪ್ರವಾಸ ಹೊರಡಿಸುವ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮೇಷ್ಟ್ರುಗಳೇ, ಟೀಚರ್‌ಗಳೇ,

ದೀಪಾವಳಿ ಕಳೆಯಿತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹುಬ್ಬಳ್ಳಿ, ಬೆಳಗಾವಿ, ಹಾವೇರಿ, ಶಿವಮೊಗ್ಗ ಕಡೆಯಿಂದ ಎಷ್ಟೋ ಬಸ್ಸುಗಳು ಗೋವಾ ದಾರಿ ಹಿಡಿಯುತ್ತವೆ. ಮುಂದೆ ‘ಶೈಕ್ಷಣಿಕ ಪ್ರವಾಸ’ ಅಂತ ಬ್ಯಾನರು, ಒಳಗೆ ಹಾಡು, ಗಲಾಟೆ. ಈ ಬಸ್ಸುಗಳು ಹಳೇ ಗೋವಾದಲ್ಲಿ ನಿಲ್ಲುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಮಕ್ಕಳು ಸಾಲಾಗಿ ಇಳಿಯುತ್ತಾರೆ. ಬೊಮ್ ಜೀಸಸ್ ಬೆಸಿಲಿಕಾದ ಒಳಗೆ ಹೋಗಿ ಸಂತ ಫ್ರಾನ್ಸಿಸ್ ಜೇವಿಯರ್ ಅವರ ದೇಹವಿರುವ ಬೆಳ್ಳಿಯ ಪೆಟ್ಟಿಗೆ ನೋಡುತ್ತಾರೆ. ರಸ್ತೆ ದಾಟಿ ಸೇ ಕೆಥಡ್ರಲ್‌ಗೆ ಹೋಗುತ್ತಾರೆ. ಮೆಟ್ಟಿಲ ಮೇಲೆ ಒಂದು ಗ್ರೂಪ್ ಫೋಟೊ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಬಸ್ಸು ಮಿರಾಮಾರ್ ಬೀಚಿಗೆ ಹೊರಟಿರುತ್ತದೆ.

ನಾನು ಕೇಳುವುದು ಒಂದೇ. ಆ ಮುಕ್ಕಾಲು ಗಂಟೆಯನ್ನು ಅರ್ಧ ದಿನ ಮಾಡಿ. ಮಕ್ಕಳನ್ನು ಬಸ್ಸಿನಿಂದ ಇಳಿಸಿ, ನಡೆಸಿ. ಅಲ್ಲಿ ಇರುವುದು ಎರಡು ಚರ್ಚು ಮಾತ್ರ ಅಲ್ಲ. ಅದೊಂದು ಊರು, ಸತ್ತುಹೋದ ದೊಡ್ಡ ಊರು. ಮೊಜಾಂಬಿಕ್‌ನಿಂದ ಮಕಾವ್‌ವರೆಗೆ ಹರಡಿದ್ದ ಪೋರ್ಚುಗೀಸರ ಪೂರ್ವದ ಆಳ್ವಿಕೆಗೆ ರಾಜಧಾನಿಯಾಗಿದ್ದ ಊರು. ಗೋವಾ ನೋಡಿದವನು ಲಿಸ್ಬನ್ ನೋಡಬೇಕಿಲ್ಲ ಅಂತ ಆ ಕಾಲದಲ್ಲಿ ಪೋರ್ಚುಗೀಸರೇ ಹೇಳುತ್ತಿದ್ದರು. ಇವತ್ತು ಹುಲ್ಲುಹಾಸು, ತೆಂಗು, ಹತ್ತಾರು ಚರ್ಚು ಮತ್ತು ಮಠ ಬಿಟ್ಟರೆ ಉಳಿದದ್ದೆಲ್ಲ ನೆಲದ ಮಟ್ಟಕ್ಕೆ ಬಂದಿದೆ.

ಅರ್ಧ ಮುರಿದು ನಿಂತಿರುವ ಸಂತ ಆಗಸ್ಟೀನರ ಚರ್ಚಿನ ಗೋಪುರದ ಹತ್ತಿರ ಒಮ್ಮೆ ನಮ್ಮ ಕಡೆಯ ಒಬ್ಬ ಹುಡುಗ ತನ್ನ ಮೇಷ್ಟ್ರನ್ನು ಕೇಳುತ್ತಿದ್ದ: ‘ಸಾರ್, ಇದನ್ನ ಯಾರು ಒಡೆದ್ರು?’ ಆ ಪ್ರಶ್ನೆ ಕೇಳಿ ನನಗೆ ಖುಷಿಯಾಯಿತು. ಹಂಪಿ ನೋಡಿದ ಮಗು ಕೇಳಲೇಬೇಕಾದ ಪ್ರಶ್ನೆ ಅದು. ನಮಗೆ ಹಾಳು ಊರು ಅಂದರೆ 1565, ತಾಳಿಕೋಟೆ, ಸೈನ್ಯ, ಬೆಂಕಿ. ಮೇಷ್ಟ್ರು ‘ಯುದ್ಧದಲ್ಲಿ ಬಿತ್ತು’ ಎಂದು ಹೇಳಿ ಮುಂದೆ ಹೋದರು. ಅವರ ತಪ್ಪಲ್ಲ ಬಿಡಿ, ಬಸ್ಸು ಕಾಯುತ್ತಿತ್ತು. ಆದರೆ ನಿಜವಾದ ಉತ್ತರ ಬೇರೆಯೇ ಇದೆ, ಮತ್ತು ಆ ಉತ್ತರಕ್ಕಾಗಿಯೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು. ಈ ಊರನ್ನು ಯಾವ ಶತ್ರುವೂ ಒಡೆಯಲಿಲ್ಲ. 1571ರಲ್ಲಿ ಬಿಜಾಪುರದ ಆದಿಲ್‌ಶಾಹಿ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು, ಊರು ಬೀಳಲಿಲ್ಲ. ಡಚ್ಚರು ಎಷ್ಟೋ ಸಲ ಮಾಂಡೋವಿ ಹೊಳೆಯ ಬಾಯಿಯಲ್ಲಿ ಹಡಗು ನಿಲ್ಲಿಸಿ ವ್ಯಾಪಾರ ಕಟ್ಟಿಹಾಕಿದರು, ಆಗಲೂ ಬೀಳಲಿಲ್ಲ. ಊರನ್ನು ಕೊಂದದ್ದು ಕುಡಿಯುವ ನೀರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಗೋವಾ ನಿಂತಿರುವುದು ಚಿರೇಕಲ್ಲಿನ ನೆಲದ ಮೇಲೆ. ಘಟ್ಟದ ಮೇಲಿನವರು ಜಂಬಿಟ್ಟಿಗೆ ಅನ್ನುತ್ತಾರೆ, ದಕ್ಷಿಣ ಕನ್ನಡದವರು ಮುರಕಲ್ಲು, ಕೆಂಪುಕಲ್ಲು ಅನ್ನುತ್ತಾರೆ. ಕಾರವಾರ, ಅಂಕೋಲೆ, ಕುಮಟೆಯ ನಮಗೆ ಇದು ಮನೆ ಕಟ್ಟುವ ಕಲ್ಲು. ಕೈಯಲ್ಲಿ ಹಿಡಿದರೆ ತುಂಬ ತೂತು. ನೀರು ಸರಾಗವಾಗಿ ಇಳಿಯುತ್ತದೆ. ಇಂಥ ನೆಲದಲ್ಲಿ ಸಾವಿರಾರು ಮನೆ ಒತ್ತೊತ್ತಾಗಿ ಎದ್ದವು. ಕಕ್ಕಸಿನ ಗುಂಡಿಯೂ ಅಲ್ಲೇ, ಬಾವಿಯೂ ಅಲ್ಲೇ. ಮಳೆಗಾಲದಲ್ಲಿ ಒಂದರ ನೀರು ಇನ್ನೊಂದಕ್ಕೆ ಇಳಿಯಿತು. 1543ರಲ್ಲೇ ಕಾಲರಾ ಬಂದು ಜನ ರಾಶಿ ರಾಶಿ ಸತ್ತರು. ಆಮೇಲೆ ಮತ್ತೆ ಮತ್ತೆ ಕಾಲರಾ, ಮಲೇರಿಯಾ. ಹೊಳೆಯಲ್ಲಿ ಹೂಳು ತುಂಬಿ ದೊಡ್ಡ ಹಡಗು ಬರುವುದು ಕಷ್ಟವಾಯಿತು. 1641ರಲ್ಲಿ ಮಲಕ್ಕಾ, 1663ರಲ್ಲಿ ಕೊಚ್ಚಿ ಡಚ್ಚರ ಪಾಲಾಗಿ ವ್ಯಾಪಾರವೂ ಕುಗ್ಗಿತು. ದುಡ್ಡಿದ್ದವರು ಒಬ್ಬೊಬ್ಬರಾಗಿ ಊರು ಬಿಟ್ಟರು. 1759ರಲ್ಲಿ ವೈಸರಾಯನೇ ಪಣಜಿಗೆ ಹೋಗಿ ಕೂತ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಪಣಜಿ ಕಟ್ಟಲು ಕಲ್ಲು ಬೇಕಲ್ವಾ? ಹಳೇ ಊರಿನ ಖಾಲಿ ಮನೆಗಳನ್ನು ಬಿಚ್ಚಿ ಸಾಗಿಸಿದರು. ನೀವು ಸಂಜೆ ಮಕ್ಕಳನ್ನು ಕರೆದುಕೊಂಡು ತಿರುಗುವ ಪಣಜಿಯ ಗೋಡೆಗಳಲ್ಲಿ ಬೆಳಿಗ್ಗೆ ನೋಡಿದ ಊರಿನ ಕಲ್ಲೂ ಇದೆ.

ಒಂದು ಊರು ಹೀಗೂ ಸಾಯುತ್ತದೆ ಅನ್ನುವುದನ್ನು ನಮ್ಮ ಪಠ್ಯಪುಸ್ತಕ ಜಾಸ್ತಿ ಹೇಳುವುದಿಲ್ಲ. ಬಾವಿ, ಕಕ್ಕಸು ಗುಂಡಿ ಎರಡೂ ಎಲ್ಲ ಮಕ್ಕಳಿಗೂ ಗೊತ್ತು. ಅವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ನಡಿಗೆಯನ್ನು ಹೊಳೆಯ ಕಡೆಯಿಂದ ಶುರು ಮಾಡಿ. ಲಿಸ್ಬನ್‌ನಿಂದ ಆರು ತಿಂಗಳು ಸಮುದ್ರದಲ್ಲಿ ಕಳೆದು ಬಂದವರು ಇಲ್ಲೇ ಇಳಿಯುತ್ತಿದ್ದರು. ಈಗ ದಿವಾಡಿ ದ್ವೀಪಕ್ಕೆ ಹೋಗುವ ಫೆರ್ರಿ ನಿಲ್ಲುವ ಜಾಗಕ್ಕೆ ಹತ್ತಿರದಲ್ಲೇ ವೈಸರಾಯ್ ಕಮಾನು ಇದೆ. ವಾಸ್ಕೋ ಡ ಗಾಮನ ಮರಿಮೊಮ್ಮಗ ಫ್ರಾನ್ಸಿಸ್ಕೊ ಡ ಗಾಮ ವೈಸರಾಯ್ ಆಗಿದ್ದಾಗ, 16ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ಈಗ ಕಾಣುವುದು 1954ರಲ್ಲಿ ಮತ್ತೆ ಕಟ್ಟಿದ ರೂಪ. ಹೊಳೆಯ ಕಡೆಯ ಗೂಡಿನಲ್ಲಿ ವಾಸ್ಕೋ ಡ ಗಾಮ ನಿಂತಿದ್ದಾನೆ. ಕಮಾನು ದಾಟಿ ತಿರುಗಿ ನೋಡಿದರೆ ಊರಿನ ಕಡೆಯ ಗೂಡಿನಲ್ಲಿ ಒಬ್ಬ ಹೆಂಗಸಿನ ಮೂರ್ತಿ, ಕೈಯಲ್ಲಿ ಕತ್ತಿ, ಕಾಲ ಕೆಳಗೆ ಬಿದ್ದಿರುವ ಒಬ್ಬ ಸ್ಥಳೀಯ ಮನುಷ್ಯ. ಮಕ್ಕಳನ್ನು ಅಲ್ಲಿ ನಿಲ್ಲಿಸಿ, ಏನು ಕಾಣುತ್ತಿದೆ ಎಂದು ಕೇಳಿ. ನೀವು ಏನೂ ವಿವರಿಸಬೇಕಾಗಿಲ್ಲ. ಆಳಿದವರು ತಮ್ಮನ್ನೂ ನಮ್ಮನ್ನೂ ಹೇಗೆ ನೋಡುತ್ತಿದ್ದರು ಎನ್ನುವುದನ್ನು ಅವರೇ ಕಲ್ಲಿನಲ್ಲಿ ಕಡೆದು ಬಾಗಿಲಿಗೆ ಇಟ್ಟಿದ್ದಾರೆ.

ಇನ್ನು ಸ್ವಲ್ಪ ಮುಂದೆ, ಸಂತ ಕಜೆತಾನರ ಚರ್ಚಿನ ಬಳಿ, ಕಪ್ಪು ಕಲ್ಲಿನ ಒಂದು ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿದೆ. ಎಡಕ್ಕೆ ಬಲಕ್ಕೆ ಜಾಲಂಧ್ರದ ಚೂರು, ಮೇಲೊಂದು ತೊಲೆ, ಕೆಳಗೆ ಕೆಲವು ಮೆಟ್ಟಿಲು. ಹಿಂದೆ ಏನೂ ಇಲ್ಲ, ಗಿಡಮರ ಅಷ್ಟೆ. ಬಿಜಾಪುರದ ಆದಿಲ್‌ಶಾಹಿ ಅರಮನೆಯಲ್ಲಿ ಉಳಿದದ್ದು ಇಷ್ಟೇ. ವೈಸರಾಯರು 17ನೇ ಶತಮಾನದ ಕೊನೆಯವರೆಗೂ ಇದೇ ಅರಮನೆಯಲ್ಲಿ ಇದ್ದರು. ಹತ್ತಿರ ಹೋಗಿ ಆ ಕಲ್ಲಿನ ಕೆತ್ತನೆ ನೋಡಿ. ನಮ್ಮ ಹಳೇ ದೇವಸ್ಥಾನದ ಬಾಗಿಲುವಾಡದ ಕೆಲಸ ಅದರಲ್ಲಿ ಕಾಣುತ್ತದೆ. ವಿಜಯಪುರ ಜಿಲ್ಲೆಯಿಂದ ಬರುವ ಮೇಷ್ಟ್ರುಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಗೋಳಗುಮ್ಮಟ ಕಟ್ಟಿದ ಮನೆತನದ್ದೇ ಬಾಗಿಲು ಇದು, ನಿಮ್ಮ ಮಕ್ಕಳು ಅದನ್ನು ನೋಡದೆ ವಾಪಸ್ ಬರಬಾರದು.

ಆ ಬಾಗಿಲ ಹತ್ತಿರ ನಿಂತು ಹೊನ್ನಾವರದ ತಿಮ್ಮೋಜನ ಕಥೆ ಹೇಳಿ. 1510ರಲ್ಲಿ ಪೋರ್ಚುಗೀಸರ ಗವರ್ನರ್ ಅಫೊನ್ಸೊ ಡ ಅಲ್ಬುಕರ್ಕ್ ಬೇರೆ ಕಡೆ ಹೊರಟಿದ್ದ. ಹೊನ್ನಾವರದ ಸಮುದ್ರದಲ್ಲಿ ಹಡಗುಪಡೆ ಇಟ್ಟುಕೊಂಡಿದ್ದ ತಿಮ್ಮೋಜ ಅವನನ್ನು ಕಂಡು, ಗೋವಾ ಹಿಡಿಯಲು ಇದೇ ಸಮಯ ಎಂದ. ತನ್ನ ಪಡೆಯನ್ನೂ ಜೊತೆಗೆ ಕೊಟ್ಟ. ಊರು ತನ್ನ ಕೈಗೆ ಬರುತ್ತದೆ ಅನ್ನುವ ಆಸೆ ಅವನದ್ದು. ಮೊದಲ ಸಲ ಹಿಡಿದ ಊರು ಕೈಬಿಟ್ಟಿತು. ನವೆಂಬರ್ 25ರಂದು ಮತ್ತೆ ಹಿಡಿದರು. ಅವತ್ತಿನಿಂದ ಕೆಲವು ದಿನ ಊರಿನ ಮುಸ್ಲಿಮರ ಕಗ್ಗೊಲೆ ನಡೆಯಿತು, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಅಲ್ಬುಕರ್ಕನೇ ತನ್ನ ರಾಜನಿಗೆ ಬರೆದ ಪತ್ರದಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ತಿಮ್ಮೋಜನಿಗೆ ಊರು ಸಿಗಲಿಲ್ಲ. ಸುತ್ತಲಿನ ಜಮೀನಿನ ಕಂದಾಯ ಎತ್ತುವ ಕೆಲಸ ಸಿಕ್ಕಿತು, ಸ್ವಲ್ಪ ದಿನದಲ್ಲಿ ಅದೂ ಹೋಯಿತು.

ಕಮಾನಿನಿಂದ ಒಳಗೆ ಹೋಗುವ ರಸ್ತೆ ಹಿಂದೆ ರುವಾ ದಿರೈತಾ, ಊರಿನ ಮುಖ್ಯ ಪೇಟೆ. 1583ರಿಂದ 1588ರವರೆಗೆ ಗೋವಾದಲ್ಲಿದ್ದ ಡಚ್ಚಿನವ ಲಿನ್ಸ್‌ಹೋಟನ್ ಇಲ್ಲಿನ ಬೆಳಗಿನ ಹರಾಜು ನೋಡಿ ಬರೆದಿದ್ದಾನೆ. ಒಡವೆ, ಬಟ್ಟೆ, ಅರಬ್ಬೀ ಕುದುರೆ, ಅವುಗಳ ಜೊತೆಗೇ ಮನುಷ್ಯರು. ಗಂಡಸರು, ಹೆಂಗಸರು, ಮಕ್ಕಳು ಹರಾಜಿಗೆ ನಿಲ್ಲುತ್ತಿದ್ದರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಮುಚ್ಚಿಡಬೇಡಿ. ಕುದುರೆಯ ವಿಷಯ ಹೇಳುವಾಗ ಹಂಪಿಯನ್ನೂ ಹೇಳಿ. ಸಮುದ್ರ ದಾಟಿ ಬಂದ ಕುದುರೆಗಳಿಗೆ ದೊಡ್ಡ ಗಿರಾಕಿ ವಿಜಯನಗರ. ಗೋವಾದ ಸುಂಕದ ಪೆಟ್ಟಿಗೆ ತುಂಬುತ್ತಿದ್ದದ್ದರಲ್ಲಿ ಕುದುರೆ ಸುಂಕದ್ದು ದೊಡ್ಡ ಪಾಲು. 1565ರಲ್ಲಿ ಹಂಪಿ ಹಾಳಾದಾಗ ಇಲ್ಲಿಯೂ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಹಂಪಿಯ ಸ್ಮಾರಕಗಳು, ಗೋವಾದ ಚರ್ಚು ಮತ್ತು ಮಠಗಳು ಒಂದೇ ವರ್ಷ, 1986ರಲ್ಲಿ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಕಲಿಸುವವರು ಮಾತ್ರ ಕಡಿಮೆ.

ಅಕ್ಕಿಯ ಮಾತನ್ನೂ ಹೇಳಿಬಿಡುತ್ತೇನೆ. ಇಷ್ಟು ದೊಡ್ಡ ಊರಿನ ಹೊಟ್ಟೆ ತುಂಬುವಷ್ಟು ಗದ್ದೆ ಗೋವಾದಲ್ಲಿ ಇರಲಿಲ್ಲ. ಅಕ್ಕಿ ಹೋಗುತ್ತಿದ್ದದ್ದು ಬಸ್ರೂರು, ಮಂಗಳೂರು, ಹೊನ್ನಾವರದಿಂದ. ಕರಿಮೆಣಸೂ ನಮ್ಮ ಘಟ್ಟದ್ದೇ. ಅದಕ್ಕಾಗಿಯೇ ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ 1623ರಲ್ಲಿ ಗೋವಾದಿಂದ ರಾಯಭಾರಿ ಬಂದ. ಜೊತೆಯಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಗೇರುಸೊಪ್ಪೆಯ ಹೊಳೆ, ಇಕ್ಕೇರಿಯ ಬೀದಿ ಎಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ಮುಂದೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಬಸ್ರೂರು, ಹೊನ್ನಾವರ, ಮಂಗಳೂರಿನ ಕೋಟೆಗಳಿಂದ ಓಡಿಸಿದ. ಸಾಗರ, ಶಿವಮೊಗ್ಗದ ಶಾಲೆಗಳು ಇದನ್ನು ತಮ್ಮ ಪಾಠ ಎಂದೇ ತಿಳಿಯಬೇಕು.

ಈಗ ಕಷ್ಟದ ವಿಷಯ. ಸೇ ಕೆಥಡ್ರಲ್ ಎದುರಿನ ಹುಲ್ಲುಹಾಸಿನ ಪಕ್ಕದಲ್ಲೇ ಇನ್‌ಕ್ವಿಸಿಷನ್ ಮನೆ, ಅಂದರೆ ಮತದ ಕಟ್ಟಳೆ ಮೀರಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯ ಇತ್ತು. ಜನ ಅದನ್ನು ಕೊಂಕಣಿಯಲ್ಲಿ ‘ವ್ಹಡ್ಲೆಂ ಘರ್’, ದೊಡ್ಡ ಮನೆ ಎನ್ನುತ್ತಿದ್ದರು. 1560ರಲ್ಲಿ ಶುರುವಾದ ಈ ಧರ್ಮ ವಿಚಾರಣೆ, ನಡುವೆ ಕೆಲವು ವರ್ಷ ನಿಂತಿದ್ದು ಬಿಟ್ಟರೆ, 1812ರವರೆಗೆ ನಡೆಯಿತು. ವಿಚಾರಣೆಗೆ ಸಿಕ್ಕಿಬಿದ್ದವರು 16 ಸಾವಿರಕ್ಕೂ ಜಾಸ್ತಿ. ಕಟ್ಟಡದ ಗುರುತೂ ಈಗ ನೆಲದ ಮೇಲಿಲ್ಲ. ಸ್ವಲ್ಪ ದೂರದಲ್ಲಿ ಮೆಟ್ಟಿಲ ಪೀಠದ ಮೇಲೆ ಒಂದು ಕಪ್ಪು ಕಂಬ ನಿಂತಿದೆ. ತಪ್ಪಿತಸ್ಥರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ. ದೇವಸ್ಥಾನದ ಕಂಬವೇ ಇರಬೇಕು ಎನ್ನುತ್ತಾರೆ, ನೋಡಿದರೆ ಹಾಗೆಯೇ ಅನ್ನಿಸುತ್ತದೆ.

ಇದನ್ನು ಹೇಗೆ ಹೇಳುವುದು ಎಂದು ನಿಮಗೆ ಅಳುಕು ಇರಬಹುದು. ನಾನು ಹೇಳುವುದು ಇಷ್ಟೆ: ಪೂರ್ತಿ ಹೇಳಿ. ದೇವಸ್ಥಾನ ಕೆಡವಿದ್ದನ್ನು ಹೇಳಿ, ಮಂಗೇಶಿ, ಶಾಂತಾದುರ್ಗೆ, ಮ್ಹಾಳಸೆಯನ್ನು ಹೊತ್ತುಕೊಂಡು ಜನ ಹೊಳೆ ದಾಟಿ ಪೋಂಡಾ ಕಡೆಗೆ ಓಡಿದ್ದನ್ನು ಹೇಳಿ. ಜೊತೆಗೆ, ಆ ದೊಡ್ಡ ಮನೆಯಲ್ಲಿ ನರಳಿದವರಲ್ಲಿ ಬಹಳ ಜನ ಕ್ರಿಶ್ಚಿಯನ್ನರೇ ಅನ್ನುವುದನ್ನೂ ಹೇಳಿ. ಹೊಸದಾಗಿ ಮತಕ್ಕೆ ಸೇರಿದವರು, ಯಹೂದಿ ಮೂಲದವರು, ಮನೆಯಲ್ಲಿ ಹಳೇ ಪದ್ಧತಿ ಬಿಡದವರು. ಇವತ್ತು ಅಲ್ಲಿ ಮೇಣದ ಬತ್ತಿ ಹಚ್ಚಲು ಬರುವ ಅಜ್ಜಿಗೂ ಆ ಮನೆಗೂ ಏನೂ ಸಂಬಂಧವಿಲ್ಲ. ಅವಳ ಹಿರಿಯರೇ ಅಲ್ಲಿ ನರಳಿರಬಹುದು. ಬೆಸಿಲಿಕಾ ಇವತ್ತಿಗೂ ಪೂಜೆ ನಡೆಯುವ ಜಾಗ. ಒಳಗೆ ಗಲಾಟೆ ಮಾಡಬಾರದು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಬೇಕು ಅನ್ನುವುದನ್ನು ಬಸ್ಸಿನಲ್ಲೇ ಹೇಳಿಬಿಡಿ.

ಆ ಕಾಲದಲ್ಲಿ ಗೋವಾ ಬಿಟ್ಟು ಓಡಿದವರು ಎಲ್ಲಿಗೆ ಬಂದರು? ನಮ್ಮ ಕಡೆಗೇ. ಕಾರವಾರದಿಂದ ಮಂಗಳೂರಿನವರೆಗೆ ಕೊಂಕಣಿ ಮಾತಾಡುವ ಹಿಂದೂಗಳು, ಕ್ರಿಶ್ಚಿಯನ್ನರು ಎರಡೂ ಕಡೆಯವರು ಇದ್ದಾರೆ. ಮತ ವಿಚಾರಣೆ, ಯುದ್ಧ, ಬರ, ತೆರಿಗೆ ಹೀಗೆ ಬೇರೆ ಬೇರೆ ಕಾರಣಕ್ಕೆ ತಲೆಮಾರುಗಟ್ಟಲೆ ಬಂದವರು. 1684ರಲ್ಲಿ ಗೋವಾದ ವೈಸರಾಯ್ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿ ಎಂದು ಆಜ್ಞೆ ಹೊರಡಿಸಿದ. ಇಲ್ಲಿಗೆ ಬಂದವರು ಅದೇ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಉಳಿಸಿಕೊಂಡರು. ನಿಮ್ಮ ಕ್ಲಾಸಿನಲ್ಲೇ ಆ ಮನೆಗಳ ಮಕ್ಕಳು ಇರಬಹುದು. ಅವರ ಮನೆಯವರು ವರ್ಷಕ್ಕೊಮ್ಮೆ ಪೋಂಡಾದ ಕುಲದೇವರಿಗೆ ಹೋಗುವಾಗ ಹಳೇ ಗೋವಾ ದಾಟಿಯೇ ಪಣಜಿಗೆ ಹೋಗಿರುತ್ತಾರೆ. ರಸ್ತೆ ಬದಿಗೆ ಒಂಟಿಯಾಗಿ ನಿಂತಿರುವ ಸಂತ ಪೌಲರ ಕಾಲೇಜಿನ ಕಮಾನನ್ನು ಕಿಟಕಿಯಿಂದ ನೋಡಿರುತ್ತಾರೆ. ಭಾರತದ ಮೊದಲ ಅಚ್ಚುಯಂತ್ರ 1556ರಲ್ಲಿ ಬಂದದ್ದು ಆ ಕಾಲೇಜಿಗೆ.

ಕೊನೆಗೆ ಗುಡ್ಡ ಹತ್ತಿ ಗೋಪುರಕ್ಕೆ ಬನ್ನಿ. ಬೆಸಿಲಿಕಾದಿಂದ ಹತ್ತು ನಿಮಿಷ ಸಾಕು. ಸಂತ ಆಗಸ್ಟೀನರ ಚರ್ಚು ಮುಗಿದದ್ದು 1602ರಲ್ಲಿ. ಅದರ ಗೋಪುರಗಳಲ್ಲಿ ಒಂದು ಅರ್ಧ ಉಳಿದಿದೆ, 46 ಮೀಟರ್ ಎತ್ತರ. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಮಠಗಳನ್ನು ಮುಚ್ಚಿಸಿತು. ಸನ್ಯಾಸಿಗಳು ಹೋದರು. ಮಾಡು ನೋಡಿಕೊಳ್ಳುವವರು ಇಲ್ಲದೆ 1842ರಲ್ಲಿ ಕಮಾನು ಛಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಒಡೆದದ್ದು ಮಳೆ. ಚಿರೇಕಲ್ಲಿಗೆ ಸುಣ್ಣದ ಗಾರೆ ಇರಬೇಕು. ಗಾರೆ ಹೋದರೆ ಕಲ್ಲು ನೀರು ಕುಡಿದು ಪುಡಿಯಾಗುತ್ತದೆ. ಬೊಮ್ ಜೀಸಸ್‌ನ ಹೊರಗೋಡೆಗೂ ಹಿಂದೆ ಗಾರೆ ಇತ್ತು. 1950ರ ದಶಕದಲ್ಲಿ, ಹಳೆಯದಾಗಿ ಕಾಣಲಿ ಎಂದು ಕೆರೆದು ತೆಗೆದರು. ಅಲ್ಲಿಂದ ಆ ಗೋಡೆ ಪ್ರತಿ ಮಳೆಗಾಲದಲ್ಲೂ ಸವೆಯುತ್ತಿದೆ. ಗೋಡೆಯ ಬುಡದಲ್ಲಿ ಬೆರಳಾಡಿಸಿದರೆ ಕೆಂಪು ಪುಡಿ ಅಂಟುತ್ತದೆ, ಹಾಗಾಗಿ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳಿ, ಕಣ್ಣಲ್ಲೇ ನೋಡಲಿ.

ಗೋಪುರದ ಕೆಳಗೆ ಛಾವಣಿ ಇಲ್ಲದ ಚರ್ಚಿನ ನೆಲದ ತುಂಬ ಗೋರಿ ಕಲ್ಲುಗಳು. ಅಕ್ಷರ, ಮನೆತನದ ಲಾಂಛನ ಇನ್ನೂ ಓದಬಹುದು. ಗೋಡೆಯ ಕೆಲವು ಕಡೆ ನೀಲಿ ಬಿಳಿ ಹೆಂಚಿನ ಚೂರು ಅಂಟಿಕೊಂಡಿದೆ, ಅಂಗೈಯಷ್ಟು, ಬೆರಳಷ್ಟು. ಬಿಸಿಲು ಬಿದ್ದಾಗ ಆ ನೀಲಿ ನಿನ್ನೆ ಬಳಿದಂತೆ ಕಾಣುತ್ತದೆ.

ಇಲ್ಲಿ ವಿಜ್ಞಾನದ ಮೇಷ್ಟ್ರು ಮುಂದೆ ಬರಬೇಕು. ಜಾರ್ಜಿಯಾ ದೇಶದ ರಾಣಿ ಕೆತೆವಾನ್‌ಳನ್ನು 1624ರಲ್ಲಿ ಇರಾನಿನ ಶಾ ಅಬ್ಬಾಸ್ ಕೊಲ್ಲಿಸಿದ, ಮತ ಬಿಡಲು ಒಪ್ಪಲಿಲ್ಲ ಎಂದು. ಅಲ್ಲಿದ್ದ ಆಗಸ್ಟೀನ್ ಸನ್ಯಾಸಿಗಳು ಅವಳ ಮೂಳೆಗಳನ್ನು ತೆಗೆದುಕೊಂಡು 1627ರಲ್ಲಿ ಈ ಮಠಕ್ಕೆ ತಂದರು. ಎರಡನೇ ಕಿಟಕಿಯ ಹತ್ತಿರ, ಕಲ್ಲಿನ ಪೆಟ್ಟಿಗೆಯಲ್ಲಿ ಅಂತ ಹಳೇ ಪೋರ್ಚುಗೀಸ್ ದಾಖಲೆ ಹೇಳುತ್ತಿತ್ತು. ಮಾಡು ಬಿದ್ದು ರಾಶಿಯಾದ ಜಾಗದಲ್ಲಿ ಎರಡನೇ ಕಿಟಕಿ ಯಾವುದು? ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಅಗೆದರು. 2004ರಲ್ಲಿ ಮೂಳೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಪ್ರಯೋಗಾಲಯ ಅದರ ಡಿಎನ್‌ಎ ಪರೀಕ್ಷೆ ಮಾಡಿತು. ಭಾರತದ ಜನರಲ್ಲಿ ಕಾಣದ, ಜಾರ್ಜಿಯಾದಲ್ಲಿ ಕಾಣುವ ಗುರುತು ಸಿಕ್ಕಿತು. 2021ರಲ್ಲಿ ಭಾರತ ಸರ್ಕಾರ ಆ ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಇತಿಹಾಸ, ವಿಜ್ಞಾನ ಎರಡೂ ಒಂದೇ ಕಲ್ಲಿನ ಹತ್ತಿರ ಸೇರುವ ಜಾಗ ನಮ್ಮ ಮಕ್ಕಳಿಗೆ ಎಷ್ಟು ಸಿಗುತ್ತದೆ ಹೇಳಿ?

ಟೂರ್ ಬಸ್ಸು ನಡೆಸುವವರಿಗೂ ಒಂದು ಮಾತು. ಹಳೇ ಗೋವಾಕ್ಕೆ ನಿಲ್ಲಿಸಿದರೆ ಸಮಯ ಹಾಳು ಎಂದು ಲೆಕ್ಕ ಹಾಕಬೇಡಿ. ಬೆಳಿಗ್ಗೆ ಬೇಗ ತಂದು ಬಿಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಹತ್ತಿಸಿಕೊಳ್ಳಿ. ಬಿಸಿಲು ಏರುವ ಮೊದಲೇ ಗುಡ್ಡ ಮುಗಿಸಬಹುದು. ಮಕ್ಕಳ ಕೈಯಲ್ಲಿ ನೀರಿನ ಬಾಟಲಿ, ತಲೆಗೆ ಟೋಪಿ ಇರಲಿ. ಮುರಿದ ಗೋಡೆ ಹತ್ತಲು ಬಿಡಬೇಡಿ, ಹೆಸರು ಕೆತ್ತಲು ಬಿಡಲೇಬೇಡಿ. ಹಂಪಿಯಲ್ಲಿ ನಮ್ಮವರು ಕೆತ್ತಿದ ಹೆಸರುಗಳನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ.

ಸಮಯ ಉಳಿದರೆ ಸೇ ಕೆಥಡ್ರಲ್ ಪಕ್ಕದ ಪುರಾತತ್ವ ಮ್ಯೂಸಿಯಂಗೆ ಹೋಗಿ. ವೈಸರಾಯರ ಚಿತ್ರಗಳ ಸಾಲು ನೋಡಿ ಸುಮ್ನೆ ಬಂದುಬಿಡಬೇಡಿ. ಅಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ. ಬನವಾಸಿಯ ಹೆಸರು ಹೊತ್ತ ಮನೆತನದ ಒಂದು ಕವಲು ಗೋವಾ ಆಳಿತ್ತು. ಗೋವಾದ ಸರ್ಕಾರಿ ಬಸ್ಸಿನ ಮೇಲೆ ಇವತ್ತಿಗೂ ಕದಂಬ ಎಂದು ಬರೆದಿರುವುದು ಅದಕ್ಕೇ. ಅವರ ದೇವರು ಸಪ್ತಕೋಟೀಶ್ವರ, ದಿವಾಡಿ ದ್ವೀಪದಲ್ಲಿದ್ದವನು. ಕಮಾನಿನ ಹತ್ತಿರ ನಿಂತಾಗ ಎದುರಿಗೆ ಕಾಣುವ ದ್ವೀಪವೇ ಅದು.

ಪಣಜಿಗೆ ಬಂದ ಮೇಲೆ ಪೇಟೆಯ ನಡುವಿನ ಬಿಳಿ ಚರ್ಚಿನ ಮುಂದೆ ಐದು ನಿಮಿಷ ಬಸ್ಸು ನಿಲ್ಲಿಸಿ. ಅದರ ಮೇಲೆ ತೂಗುವ ದೊಡ್ಡ ಗಂಟೆ, ಮಕ್ಕಳು ಬೆಳಿಗ್ಗೆ ನೋಡಿದ ಆ ಒಡೆದ ಗೋಪುರದ್ದು. 1871ರಲ್ಲಿ ಇಲ್ಲಿಗೆ ತಂದು ಏರಿಸಿದರು. ಈ ವರ್ಷದ ಪ್ರವಾಸದ ಪಟ್ಟಿ ಇನ್ನೂ ಅಂತಿಮ ಆಗಿಲ್ಲದಿದ್ದರೆ, ದಯವಿಟ್ಟು ‘ಹಳೇ ಗೋವಾ’ ಎಂಬ ಸಾಲಿನ ಎದುರು ‘ಬೆಳಿಗ್ಗೆ 8ರಿಂದ ಮಧ್ಯಾಹ್ನ 1’ ಎಂದು ಬರೆಯಿರಿ.

ನಿಮ್ಮ ವಿಶ್ವಾಸಿ,
ಉತ್ತರ ಕನ್ನಡ ಕರಾವಳಿಯಿಂದ